ಮಬ್ಬಾದ ಮುಂದಿನ ಗಾಜು: ಉಜ್ಜಿದರೆ ಸಾಕೋ, ಬದಲಿಸಲೇಬೇಕೋ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು. 2012ರ ಸಣ್ಣ ಕಾರು ಇದೆ. ತೋಟದ ಓಡಾಟಕ್ಕೂ ಅದೇ, ಅಮ್ಮನನ್ನು ತಿಂಗಳಿಗೊಮ್ಮೆ ಮಣಿಪಾಲಕ್ಕೆ ತೋರಿಸಿಕೊಂಡು ಬರಲೂ ಅದೇ. ಮುಂದಿನ ಗಾಜು ಮಂಜು ಹಿಡಿದ ಹಾಗೆ ಮಬ್ಬಾಗಿದೆ. ಹಗಲು ಅಷ್ಟಾಗಿ ಗೊತ್ತಾಗಲ್ಲ. ಶಿವಮೊಗ್ಗದಿಂದ ಸಂಜೆ ವಾಪಸ್ ಬರುವಾಗ ಬಿಸಿಲು ಎದುರಾದರೆ, ಇಲ್ಲವೇ ರಾತ್ರಿ ಎದುರಿನ ಗಾಡಿ ಲೈಟ್ ಬಿದ್ದರೆ ಇಡೀ ಗಾಜು ಬೆಳ್ಳಗಾಗಿ ರಸ್ತೆಯೇ ಕಾಣಲ್ಲ. ಟೂತ್‌ಪೇಸ್ಟ್ ಹಾಕಿ ಉಜ್ಜಿದೆ, ಏನೂ ಆಗಲಿಲ್ಲ. ಒಬ್ಬರು ಪಾಲಿಶ್ ಮಾಡಿಸಿದರೆ ಹೊಸದರ ಹಾಗಾಗುತ್ತೆ ಅಂತಾರೆ. ಇನ್ನೊಬ್ಬರು ಬದಲಿಸಿಬಿಡಿ ಅಂತಾರೆ. ಯಾವುದು ಸರಿ?

ಉತ್ತರ: ಮೊದಲು ಒಂದು ಮಾತು. ಈ ಗಾಜು ಸರಿಯಾಗುವವರೆಗೆ ಅಮ್ಮನನ್ನು ಕೂರಿಸಿಕೊಂಡು ರಾತ್ರಿ ಆಗುಂಬೆ ಘಾಟಿ ಇಳಿಯಬೇಡಿ, ಹತ್ತಲೂ ಬೇಡಿ. 14 ತಿರುವುಗಳಲ್ಲಿ ಎದುರಿನ ಬಸ್ಸಿನ ಲೈಟ್ ಯಾವ ತಿರುವಿನಲ್ಲಿ ಗಾಜಿನ ಮೇಲೆ ಬೀಳುತ್ತದೆ ಅಂತ ಹೇಳಲು ಆಗುವುದಿಲ್ಲ. ಅಲ್ಲಿಯವರೆಗೆ ಬೆಳಿಗ್ಗೆ ಹೊರಟು ಕತ್ತಲಾಗುವ ಮುಂಚೆ ಮನೆ ಸೇರಿ. ನಿಮ್ಮ ಕಡೆಯಿಂದ ಮಣಿಪಾಲ ಇರುವುದು ಪಡುವಣಕ್ಕೆ. ಬೆಳಿಗ್ಗೆ ಹೋಗುವಾಗ ಬಿಸಿಲು ಬೆನ್ನಿಗೆ, ಸಂಜೆ ಬರುವಾಗಲೂ ಬೆನ್ನಿಗೇ ಇರುತ್ತದೆ. ಶಿವಮೊಗ್ಗದ ಕಡೆ ಓಡಾಟ ಇದಕ್ಕೆ ತದ್ವಿರುದ್ಧ, ಹೋಗುವಾಗಲೂ ಬರುವಾಗಲೂ ಬಿಸಿಲು ಕಣ್ಣಿಗೇ. ನಿಮಗೆ ಆ ದಾರಿಯಲ್ಲೇ ಜಾಸ್ತಿ ಕಷ್ಟ ಆಗುತ್ತಿರುವುದು ಅದಕ್ಕೇ.

ಪಾಲಿಶೋ, ಬದಲಿಸುವುದೋ ಅನ್ನುವುದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಇದೆ. ಆ ಮಬ್ಬು ಗಾಜಿನ ಮೇಲೆ ಕೂತ ಕೊಳೆಯೋ, ಗಾಜಿಗೇ ಆದ ಗಾಯವೋ? ಕೊಳೆಯಾದರೆ ಐವತ್ತು ರೂಪಾಯಿಯ ವಿನೆಗರ್‌ನಲ್ಲಿ ಹೋಗುತ್ತದೆ. ಗಾಯವಾದರೆ ಉಜ್ಜಿದಷ್ಟೂ ಕೆಡುತ್ತದೆ. ನೋಡದೆ ಇದನ್ನು ಯಾರೂ ಹೇಳಲು ಆಗುವುದಿಲ್ಲ. ನೀವೇ ಮನೆಯಲ್ಲಿ ನೋಡಿಕೊಳ್ಳಬಹುದು.

ಸಂಜೆ ಕತ್ತಲಾದ ಮೇಲೆ ಕಾರನ್ನು ಅಂಗಳದಲ್ಲಿ ನಿಲ್ಲಿಸಿ. ನೀವು ಡ್ರೈವರ್ ಸೀಟಿನಲ್ಲಿ ಕೂರಿ. ಮನೆಯವರೊಬ್ಬರು ಹತ್ತು ಹೆಜ್ಜೆ ಮುಂದೆ ನಿಂತು ಟಾರ್ಚ್ ಬಿಡಲಿ. ನೇರವಾಗಿ ಬೇಡ, ಸ್ವಲ್ಪ ಓರೆಯಾಗಿ. ಬೆಳಕಿನ ಸುತ್ತ ಜೇಡರ ಬಲೆಯ ಹಾಗೆ ಬಿಲ್ಲು ಬಿಲ್ಲಾಗಿ ಗೆರೆಗಳು ಹೊಳೆದರೆ ಅದು ವೈಪರ್ ಗೀರು. ಗೆರೆಯಿಲ್ಲದೆ ಚುಕ್ಕಿ ಚುಕ್ಕಿಯಾಗಿ ನಕ್ಷತ್ರದ ಹಾಗೆ ಮಿನುಗಿದರೆ ಅದು ಮುಂದಿನ ಲಾರಿಗಳ ಚಕ್ರದಿಂದ ಸಿಡಿದ ಮರಳು, ಜಲ್ಲಿಪುಡಿ ಕೊರೆದ ಸಣ್ಣ ಸಣ್ಣ ಕುಳಿ. ಗೆರೆಯೂ ಇಲ್ಲ, ಚುಕ್ಕಿಯೂ ಇಲ್ಲ, ಹಾಲು ಬಳಿದ ಹಾಗೆ ಇಡೀ ಗಾಜು ಮಂಕು ಅಂದರೆ ಬಹುಪಾಲು ಅದು ಕೊಳೆ.

ಆಮೇಲೆ ಹೊರಗಿನಿಂದ ಒಂದು ಚೊಂಬು ನೀರು ಸುರಿಯಲು ಹೇಳಿ. ನೀರು ಹರಿಯುತ್ತಿರುವ ಆ ಕ್ಷಣ ಗಮನಿಸಿ. ನೀರಿರುವಾಗ ಗಾಜು ತಿಳಿಯಾಗಿ, ಒಣಗಿದ ಕೂಡಲೇ ಮಬ್ಬು ತಿರುಗಿ ಬಂದರೆ ತೊಂದರೆ ಹೊರಮೈಯಲ್ಲಿದೆ. ಗೀರು, ಕುಳಿಗಳಲ್ಲಿ ನೀರು ತುಂಬಿಕೊಂಡು ಅವು ಸ್ವಲ್ಪ ಹೊತ್ತು ಮಾಯವಾಗುತ್ತವೆ. ನೀರು ಬಿದ್ದರೂ ಮಬ್ಬು ಇದ್ದ ಹಾಗೇ ಇದ್ದರೆ ಒಳಗಡೆ ನೋಡಿ. ನೀರು ಹರಡದೆ ಕೆಸುವಿನ ಎಲೆ ಮೇಲಿನ ಹಾಗೆ ಮಣಿ ಮಣಿಯಾಗಿ ನಿಂತರೆ ಮೇಲೆ ಎಣ್ಣೆಯದೋ ಮೇಣದ್ದೋ ಪೊರೆ ಇದೆ.

ಒಳಗಿನ ಪೊರೆ ಸುಲಭ. ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಸಿಯಾಗಿ ಸಣ್ಣಗೆ ಆವಿ ಬಿಡುತ್ತದೆ. ಅದು ಗಾಜಿಗೆ ಅಂಟುತ್ತದೆ. ಜೊತೆಗೆ ಉಸಿರು, ಧೂಳು, ಯಾರಾದರೂ ಬೀಡಿ ಸಿಗರೇಟ್ ಸೇದುವವರಿದ್ದರೆ ಅದರ ಹೊಗೆ. ವರ್ಷಗಟ್ಟಲೆ ಒಳಮೈ ಒರೆಸದ ಕಾರುಗಳು ನಮ್ಮಲ್ಲಿ ತುಂಬಾ ಇವೆ. ಬಿಳಿ ಹತ್ತಿ ಬಟ್ಟೆಯಲ್ಲಿ ಒರೆಸಿ ನೋಡಿ, ಬಟ್ಟೆ ಬೂದಿ ಬಣ್ಣಕ್ಕೆ ಬಂದರೆ ಗೊತ್ತಾಗುತ್ತದೆ. ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಲ್ಲಿ ಒಮ್ಮೆ, ಬರೀ ನೀರಲ್ಲಿ ಎರಡು ಸಲ, ಕೊನೆಗೆ ಒಣ ಮೈಕ್ರೋಫೈಬರ್ ಬಟ್ಟೆ. ಒಳಗೆ ಅಡ್ಡಡ್ಡ ಒರೆಸಿ, ಹೊರಗೆ ಮೇಲಿಂದ ಕೆಳಗೆ ಒರೆಸಿ. ಆಮೇಲೆ ಎಲ್ಲಾದರೂ ಗೆರೆ ಉಳಿದರೆ ಅದು ಯಾವ ಕಡೆಯದು ಅಂತ ಅದರ ದಿಕ್ಕೇ ಹೇಳುತ್ತದೆ.

ಹೊರಗಿನ ಕೊಳೆಯಲ್ಲಿ ನಮ್ಮ ಕಡೆಗೇ ಸೇರಿದ್ದು ಒಂದಿದೆ. ನೀವು ತೋಟದವರು, ಅದಕ್ಕೇ ಕೇಳುತ್ತೇನೆ. ಅಡಿಕೆಗೆ ಔಷಧಿ ಹೊಡೆಯುವಾಗ ಕಾರನ್ನು ತೋಟದ ಅಂಚಲ್ಲಿ ನಿಲ್ಲಿಸುತ್ತೀರಾ? ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಇರುತ್ತದೆ. ಎಲೆಗೆ, ಗೊನೆಗೆ ಮಳೆಯಲ್ಲೂ ಬಿಡದೆ ಅಂಟಿಕೊಳ್ಳಲಿ ಅಂತಲೇ ಅದನ್ನು ಮಾಡುವುದು. ಗಾಳಿಗೆ ಹಾರಿ ಬಂದ ಹನಿ ಗಾಜಿಗೂ ಹಾಗೇ ಅಂಟುತ್ತದೆ. ಒಣಗಿದ ಮೇಲೆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣದ ಕಲ್ಲೇ ಆಗುತ್ತದೆ. ಸೋಪಿಗೆ ಅದು ಜಪ್ಪಯ್ಯ ಅನ್ನುವುದಿಲ್ಲ, ಹುಳಿಗೆ ಮಾತ್ರ ಕರಗುತ್ತದೆ. ಬೋರ್‌ವೆಲ್ ನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಲು ಬಿಟ್ಟ ಗಾಡಿಗಳ ಮೇಲಿನ ಬಿಳಿ ಮಚ್ಚೆಯೂ ಇದೇ ಜಾತಿ.

ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆ ಅದ್ದಿ ಗಾಜಿನ ಮೇಲೆ ಹಾಸಿ. ನೆರಳಲ್ಲಿ, ಹತ್ತು ನಿಮಿಷ. ಬಟ್ಟೆ ಒಣಗಲು ಬಿಡಬೇಡಿ. ಆಮೇಲೆ ಮೆತ್ತಗೆ ಒರೆಸಿ, ಚೆನ್ನಾಗಿ ನೀರು ಹಾಕಿ ತೊಳೆಯಿರಿ. ಬಾನೆಟ್ ಮೇಲೆ, ಬಣ್ಣ ಎದ್ದು ತಗಡು ಕಾಣುವ ಕಡೆ ವಿನೆಗರ್ ನಿಲ್ಲಬಾರದು. ಬೇಕಾದರೆ ಎರಡು ಮೂರು ಸಲ ಮಾಡಿ. ಇಷ್ಟಾದರೂ ಮಚ್ಚೆ ಉಳಿದರೆ ಸುಣ್ಣದ ಖಾರ ಗಾಜಿನ ಮೈಯನ್ನೇ ತಿಂದಿದೆ ಅಂತ ಅರ್ಥ. ಗಾಜಿಗೆ ಹುಳಿ ಅಷ್ಟು ಶತ್ರುವಲ್ಲ, ಸುಣ್ಣದಂಥ ಕ್ಷಾರವೇ ಶತ್ರು.

ಎಣ್ಣೆ ಪೊರೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು. ಹಲಸಿನ ಮೇಣ, ಮರದ ಗೋಂದು ಅಂಟಿದ್ದರೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತಗಾಗಿಸಿ ತೆಗೆದು, ಆಮೇಲೆ ಆಲ್ಕೋಹಾಲ್‌ನಲ್ಲಿ ಒರೆಸಿ.

ಪಾತ್ರೆ ಉಜ್ಜುವ ಹಸಿರು ಸ್ಕ್ರಬರ್ ಮಾತ್ರ ಮುಟ್ಟಿಸಬೇಡಿ. ಅದರಲ್ಲಿ ಗಾಜಿಗಿಂತ ಗಟ್ಟಿಯಾದ ಪುಡಿ ಇರುತ್ತದೆ. ಬೂದಿ, ಇಟ್ಟಿಗೆ ಪುಡಿಯೂ ಬೇಡ. ನಿಮ್ಮ ಟೂತ್‌ಪೇಸ್ಟ್ ಏನೂ ಮಾಡಲಿಲ್ಲ ಅಂದಿರಿ, ಅದು ನಿಮ್ಮ ಅದೃಷ್ಟ. ಹೆಡ್‌ಲೈಟ್ ಹಳದಿಯಾದಾಗ ಪೇಸ್ಟ್ ಹಾಕಿ ಉಜ್ಜಿದರೆ ಹೊಳಪು ಬರುತ್ತದೆ, ಯಾಕೆಂದರೆ ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್, ಮೆದು. ಅದನ್ನು ನೋಡಿದವರು ಗಾಜಿಗೂ ಅದೇ ಹೇಳುತ್ತಾರೆ. ಎರಡೂ ಬೇರೆ ಬೇರೆ ವಸ್ತು. ಹೆಡ್‌ಲೈಟ್ ಕಿಟ್ ಕೂಡ ಗಾಜಿಗೆ ಹಾಕುವಂಥದ್ದಲ್ಲ.

ಈಗ ಗಾಯದ ವಿಷಯ. ನಿಮ್ಮ ಪತ್ರ ಓದಿದರೆ ನನಗೆ ಅನ್ನಿಸುವುದು ಇದೇ. 2012ರ ಗಾಡಿ, ಮಲೆನಾಡಿನ ಮಳೆ, ಹಗಲು ಗೊತ್ತಾಗದೆ ಎದುರು ಬೆಳಕಿಗೆ ಮಾತ್ರ ಬೆಳ್ಳಗಾಗುವುದು. ಇದು ವೈಪರ್ ಗೀರಿನ ಗುರುತು. ಗಾಜಿನ ಗಟ್ಟಿತನ ಮೋಸ್ ಅಳತೆಯಲ್ಲಿ ಸುಮಾರು 5.5, ಮರಳಿನ ಹರಳು 7. ಮರಳು ಯಾವತ್ತೂ ಗಾಜನ್ನು ಗೀರುತ್ತದೆ. ಬೇಸಿಗೆಯಲ್ಲಿ ನಮ್ಮ ಮಣ್ಣು ರಸ್ತೆಗಳ ಕೆಂಪು ಧೂಳು ಗಾಜಿನ ಮೇಲೆ, ವೈಪರ್ ರಬ್ಬರ್ ಸಂದಿಯಲ್ಲಿ ಕೂತಿರುತ್ತದೆ. ಮೊದಲ ನಾಲ್ಕು ಹನಿ ಬಿದ್ದ ತಕ್ಷಣ ವೈಪರ್ ಹಾಕುತ್ತೇವೆ. ಗಾಜು ಇನ್ನೂ ಪೂರ್ತಿ ನೆಂದಿರುವುದಿಲ್ಲ. ಆ ಅರ್ಧ ನಿಮಿಷ ವೈಪರ್ ಒರೆಸುವುದು ನೀರನ್ನಲ್ಲ, ಕೆಸರಾದ ಮರಳನ್ನು. ಒಂದು ಸಲಕ್ಕೆ ಏನೂ ಕಾಣುವುದಿಲ್ಲ. ಆಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವೈಪರ್ ನಿಲ್ಲುವುದೇ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಆ ದಾರಿಯಲ್ಲಿ ಓಡಾಡುವ ಗಾಡಿಯ ವೈಪರ್ ಬಯಲುಸೀಮೆಯ ಗಾಡಿಯದ್ದಕ್ಕಿಂತ ಎಷ್ಟು ಪಟ್ಟು ಜಾಸ್ತಿ ಓಡುತ್ತದೆ ಅಂತ ನೀವೇ ಯೋಚಿಸಿ. ಸವೆದ ರಬ್ಬರನ್ನೇ ಇನ್ನೊಂದು ಮಳೆಗಾಲ ತಳ್ಳೋಣ ಅಂದುಕೊಂಡವರ ಗಾಜಿನಲ್ಲಿ ಒಂದು ದಿನ ಕಬ್ಬಿಣದ ತುದಿಯೇ ಬಿಲ್ಲಿನ ಹಾಗೆ ಆಳವಾಗಿ ಗೀರಿಬಿಡುತ್ತದೆ.

ಆ ಗೀರಿನ ಅಡ್ಡಕ್ಕೆ ಉಗುರನ್ನು ಮೆಲ್ಲಗೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅದು ಪಾಲಿಶ್‌ಗೆ ಬಗ್ಗುವ ಗೀರಲ್ಲ. ಸಿಕ್ಕಿಕೊಳ್ಳದಿದ್ದರೆ ತೆಗೆಯಬಹುದು. ಆದರೆ ತೆಗೆಯಬೇಕೇ ಅನ್ನುವುದು ಬೇರೆ ಮಾತು.

ಗಾಜು ಪಾಲಿಶ್ ಮಾಡುವುದು ಸೀರಿಯಮ್ ಆಕ್ಸೈಡ್ ಪುಡಿಯಲ್ಲಿ. ನೀರಲ್ಲಿ ಕಲಸಿ, ಫೆಲ್ಟ್ ಪ್ಯಾಡ್ ಹಾಕಿದ ಮಷಿನ್‌ನಲ್ಲಿ ನಿಧಾನ ವೇಗದಲ್ಲಿ ತಿಕ್ಕುತ್ತಾರೆ. ಒಳ್ಳೆಯ ಪುಡಿ, ನಿಜವಾಗಿ ಕೆಲಸ ಮಾಡುತ್ತದೆ. ಆದರೆ ಅದು ಗೀರನ್ನು ತುಂಬುವುದಿಲ್ಲ. ಗೀರಿನ ಸುತ್ತಲಿನ ಗಾಜನ್ನು ಗೀರಿನ ಆಳಕ್ಕೆ ಇಳಿಸುತ್ತದೆ. ಅಂದರೆ ಅಲ್ಲೊಂದು ತಗ್ಗು ಆಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗು, ಆದರೆ ಬೆಳಕಿಗೆ ಅದು ಲೆನ್ಸ್.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಗಾಜಿನ ಕೆಲಸ ಶುರು ಮಾಡಿದ ಹೊಸದರಲ್ಲಿ ಸಾಗರದ ಕಡೆಯ ಒಬ್ಬರು ಪಿಕಪ್ ತಂದರು. ಡ್ರೈವರ್ ಕಣ್ಣಿನ ನೇರಕ್ಕೆ ವೈಪರ್ ಗೀರು. ಬದಲಿಸಲು ಅವರ ಹತ್ತಿರ ದುಡ್ಡಿರಲಿಲ್ಲ. ಎರಡು ಗಂಟೆ ಕೂತು ಪಾಲಿಶ್ ಮಾಡಿದೆ. ಗೀರು ಪೂರ್ತಿ ಹೋಯಿತು, ಗಾಜು ಕನ್ನಡಿಯ ಹಾಗೆ ಹೊಳೆಯಿತು. ನಾಲ್ಕನೇ ದಿನ ಅವರು ವಾಪಸ್ ಬಂದು, "ಗೀರು ಹೋಯ್ತು, ಆದ್ರೆ ರಸ್ತೆ ಅಲುಗಾಡುತ್ತೆ" ಅಂದರು. ನನಗೆ ಅರ್ಥವಾಗಲಿಲ್ಲ. ಅವರ ಸೀಟಿನಲ್ಲಿ ಕೂತು ಎದುರಿನ ಕರೆಂಟ್ ಕಂಬ ನೋಡುತ್ತಾ ತಲೆಯನ್ನು ಅತ್ತಿತ್ತ ಆಡಿಸಿದೆ. ನಾನು ತಿಕ್ಕಿದ ಜಾಗಕ್ಕೆ ಬಂದಾಗ ಕಂಬ ನೀರಲ್ಲಿ ಇಳಿಬಿಟ್ಟ ಕೋಲಿನ ಹಾಗೆ ಬಾಗಿ, ಆಮೇಲೆ ನೆಟ್ಟಗಾಯಿತು. ಅವರು ನಾಲ್ಕು ದಿನ ಆ ಗಾಜಿನಲ್ಲಿ ಲೋಡು ಹಾಕಿಕೊಂಡು ಓಡಾಡಿದ್ದರು. ಅವತ್ತೇ ನನ್ನ ಖರ್ಚಲ್ಲಿ ಹೊಸ ಗಾಜು ಹಾಕಿಕೊಟ್ಟೆ. ಆಮೇಲೆ ಇವತ್ತಿನವರೆಗೆ ಡ್ರೈವರ್ ಕಣ್ಣಿನ ನೇರದ ಗೀರಿಗೆ ನಾನು ಮಷಿನ್ ಇಟ್ಟಿಲ್ಲ.

ಹಾಗಾದರೆ ಪಾಲಿಶ್ ಯಾವಾಗ? ಎಡಗಡೆ, ಪಕ್ಕದವರ ಮುಂದೆ, ಉಗುರಿಗೆ ಸಿಗದ ತೆಳು ಗೀರಾದರೆ ಸರಿ. ವಿನೆಗರ್‌ಗೆ ಹೋಗದ ಮಚ್ಚೆ ತುಂಬಾ ತೆಳುವಾಗಿದ್ದರೆ ಕೈಯಲ್ಲೇ, ಮಷಿನ್ ಇಲ್ಲದೆ, ಸೀರಿಯಮ್ ಹಾಕಿ ಉಜ್ಜಿ ನೋಡಬಹುದು. ಮಷಿನ್ ಹಾಕುವವರು ಆಗಾಗ ಗಾಜು ಮುಟ್ಟಿ ನೋಡುತ್ತಿರಬೇಕು. ಒಂದೇ ಜಾಗ ಬಿಸಿಯಾದರೆ ಗಾಜು ಬಿರುಕು ಬಿಡುತ್ತದೆ. ಪಾಲಿಶ್ ಮಾಡಿಸಿದ್ದರೆ ನಾನು ಮಾಡಿದ ಕಂಬದ ಪರೀಕ್ಷೆ ನೀವೂ ಮಾಡಿ, ದುಡ್ಡು ಕೊಡುವ ಮುಂಚೆ.

ಇನ್ನೊಂದು ಮಬ್ಬು ಇದೆ, ಅದಕ್ಕೆ ಯಾವ ಮದ್ದೂ ಇಲ್ಲ. ಗಾಜಿನ ಅಂಚಿನಿಂದ ಒಳಕ್ಕೆ ಹಾಲಿನ ಹಾಗೆ ಬಿಳಿ ಹರಡುತ್ತಾ ಬರುವುದು. ಮುಂದಿನ ಗಾಜು ಒಂದು ಗಾಜಲ್ಲ, ಎರಡು. ಎರಡರ ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಹಾಳೆ, ಸಾಮಾನ್ಯವಾಗಿ 0.76 ಮಿ.ಮೀ. ದಪ್ಪದ್ದು. ಈ ಯೋಚನೆ ಬಂದದ್ದು 1903ರಲ್ಲಿ ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ ಅನ್ನುವ ರಸಾಯನ ವಿಜ್ಞಾನಿಗೆ. ಕೆಳಗೆ ಬಿದ್ದ ಗಾಜಿನ ಫ್ಲಾಸ್ಕ್ ಒಡೆದರೂ ಚೂರಾಗಿ ಚೆದುರಲಿಲ್ಲ, ಒಳಗೆ ಒಣಗಿದ ಸೆಲ್ಯುಲೋಸ್ ನೈಟ್ರೇಟ್ ಪೊರೆ ಚೂರುಗಳನ್ನು ಹಿಡಿದುಕೊಂಡಿತ್ತು. ಕಲ್ಲು ಬಿದ್ದಾಗ ಮುಂದಿನ ಗಾಜು ಜೇಡರ ಬಲೆಯಾಗಿ ನಿಲ್ಲುತ್ತದೆ, ಮಡಿಲಿಗೆ ಉದುರುವುದಿಲ್ಲ, ಅಲ್ವಾ? ಆ ಹಾಳೆಯಿಂದಲೇ. ಅದರ ಅಂಚಿಗೆ ವರ್ಷಗಟ್ಟಲೆ ನೀರು ಇಳಿದರೆ ಅಂಟು ಬಿಡುತ್ತದೆ. ಹಳೆಯ ಜೀಪುಗಳಲ್ಲಿ ಇದು ಸಾಮಾನ್ಯ. ರಬ್ಬರ್ ಬೀಡಿಂಗ್ ಒಡೆದು, ಸಂದಿಯಲ್ಲಿ ಪಾಚಿ ಬೆಳೆದು, ಮಳೆಗಾಲ ಪೂರ್ತಿ ಗಾಜಿನ ಕಾಲು ನೀರಲ್ಲೇ ಇರುತ್ತದೆ. ಬಿಳಿ ಹರಡುತ್ತಿದ್ದರೆ ಗಾಜು, ಬೀಡಿಂಗ್ ಎರಡೂ ಬದಲಿಸಿ.

ನೀವು ಈ ವಾರ ಒಳಗೆ ಹೊರಗೆ ಚೆನ್ನಾಗಿ ತೊಳೆದು, ವಿನೆಗರ್ ಹಾಕಿ, ತಿರುಗಿ ರಾತ್ರಿ ಟಾರ್ಚ್ ಬಿಟ್ಟು ನೋಡಿ. ಅರ್ಧ ಮಬ್ಬು ಅಲ್ಲೇ ಹೋಗಬಹುದು. ಆಮೇಲೂ ಸ್ಟೀರಿಂಗ್ ಎದುರಿನ ವೈಪರ್ ಬಿಲ್ಲಿನಲ್ಲಿ ಬೆಳಕು ಚೆಲ್ಲಿದರೆ ಬದಲಿಸಿ. "ಗಾಜಿನಿಂದ ಬೆಳಕು ಬರುತ್ತಲ್ಲ, ಸಾಕು" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮೋಟಾರು ವಾಹನ ನಿಯಮದ ಪ್ರಕಾರ ಮುಂದಿನ ಗಾಜು ಕನಿಷ್ಠ ಶೇ. 70 ಬೆಳಕು ಬಿಡಬೇಕು. ಗೀರು ಬಿದ್ದ ಗಾಜು ಅಷ್ಟು ಬೆಳಕು ಬಿಡಬಹುದು. ತೊಂದರೆ ಬೆಳಕು ಕಡಿಮೆ ಬರುವುದಲ್ಲ, ಬಂದ ಬೆಳಕು ದಿಕ್ಕು ತಪ್ಪಿ ಚೆದುರುವುದು. ರಸ್ತೆ ಬದಿ ನಡೆದು ಹೋಗುವವರು ಆ ಬಿಳುಪಿನ ಹಿಂದೆ ಮರೆಯಾಗುತ್ತಾರೆ. ನಿಮ್ಮ ಕಾರಿಗೆ 15 ವರ್ಷ ತುಂಬುವುದು 2027ಕ್ಕೆ. ಆರ್‌ಸಿ ನವೀಕರಣಕ್ಕೆ ಹೇಗೂ ಗಾಡಿ ತೋರಿಸಬೇಕು.

ಹೊಸ ಗಾಜು ಅಂದರೆ ಎಲ್ಲರೂ ಗಾಜಿನ ಕಂಪನಿ ಕೇಳುತ್ತಾರೆ. ಅಂಟಿನ ಬಗ್ಗೆ ಯಾರೂ ಕೇಳುವುದಿಲ್ಲ. ಗಾಜಿನ ಮೂಲೆಯಲ್ಲಿ ಐಎಸ್‌ಐ ಗುರುತು, ಐಎಸ್ 2553 ಅನ್ನುವ ಸಂಖ್ಯೆ, ಲ್ಯಾಮಿನೇಟೆಡ್ ಅಂತ ಇದೆಯೋ ನೋಡಿ. ಹಾಕುವ ಮುಂಚೆ ಅದರ ಮೂಲಕ ಕಂಬ ನೋಡಿ. ಅಷ್ಟು ಸಾಕು. ನಿಮ್ಮ ಕಾಲದ ಕಾರುಗಳಲ್ಲಿ ಗಾಜನ್ನು ಕಾರಿನ ಬಾಡಿಯ ತಗಡಿಗೆ ಪಾಲಿಯುರೆಥೇನ್ ಸೀಲೆಂಟ್‌ನಿಂದ ಅಂಟಿಸಿರುತ್ತಾರೆ. ಅಪಘಾತದಲ್ಲಿ ಆ ಗಾಜು ಚಾವಣಿಗೆ ಆಸರೆ. ಪಕ್ಕದವರ ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಬ್ಯಾಗ್ ಬಿಚ್ಚಿಕೊಳ್ಳುವಾಗ ಗಾಜಿಗೇ ಒರಗುತ್ತದೆ. ಅಂಟು ಬಿಟ್ಟರೆ ಎರಡೂ ಇಲ್ಲ. ಅಗ್ಗ ಅಂತ ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಹಾಕುವವರಿದ್ದಾರೆ. ನೀರು ಸೋರುವುದಿಲ್ಲ, ಆದರೆ ಗಾಜನ್ನು ಹಿಡಿಯುವ ಶಕ್ತಿ ಅದಕ್ಕಿಲ್ಲ. ಟ್ಯೂಬ್ ಮೇಲಿನ ಹೆಸರು, ತಾರೀಖು ನೀವೇ ಓದಿ. ಕೇಳಲು ನಾಚಿಕೆ ಬೇಡ.

ಹಳೇ ಗಾಜು ತೆಗೆದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿ. ಗಾಜು ಕೂರುವ ಚೌಕಟ್ಟಿನ ತಗಡು ಆಗ ಕಾಣುತ್ತದೆ. ನಮ್ಮ ಕಡೆಯ ಗಾಡಿಗಳಲ್ಲಿ ಕೆಳಗಿನ ಎರಡು ಮೂಲೆಗಳಲ್ಲಿ ತುಕ್ಕು ಹಿಡಿದಿರುವುದು ತುಂಬಾ ಸಲ ನೋಡಿದ್ದೇನೆ. ಒಣ ಎಲೆ, ಕೆಸರು ಅಲ್ಲಿ ಕೂತು ಆರು ತಿಂಗಳು ಒದ್ದೆಯಾಗಿರುತ್ತದೆ. ತುಕ್ಕಿನ ಮೇಲೆ ಹಾಕಿದ ಅಂಟು ತುಕ್ಕಿನ ಜೊತೆಗೇ ಎದ್ದು ಬರುತ್ತದೆ. ಉಜ್ಜಿ ತೆಗೆದು ಪ್ರೈಮರ್ ಹಾಕಿಸಿ, ಒಂದು ದಿನ ಜಾಸ್ತಿ ಆದರೂ ಪರವಾಗಿಲ್ಲ. ಹಳೇ ಅಂಟನ್ನು ಪೂರ್ತಿ ಕೆರೆಯುವುದು ಬೇಡ, ಗಟ್ಟಿಯಾಗಿದ್ದರೆ ಒಂದೆರಡು ಮಿ.ಮೀ. ತೆಳು ಪದರ ಬಿಟ್ಟು ಅದರ ಮೇಲೆ ಹೊಸದು ಹಾಕುವುದು ಸರಿಯಾದ ಪದ್ಧತಿ.

ಮಳೆಗಾಲದಲ್ಲಿ ಹಾಕಿಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಈ ಅಂಟು ಒಣಗುವುದೇ ಗಾಳಿಯ ತೇವ ಹೀರಿ, ಹಾಗಾಗಿ ನಮ್ಮ ತೇವದ ಹವೆ ಅದಕ್ಕೆ ವೈರಿಯಲ್ಲ. ಒದ್ದೆ ತಗಡು, ಒದ್ದೆ ಗಾಜು ವೈರಿ. ಒಳ್ಳೆಯ ಶೆಡ್ ಇದ್ದರೆ ಆಷಾಢದಲ್ಲೂ ಹಾಕಬಹುದು. ಬಯಲಲ್ಲಿ ಟಾರ್ಪಾಲ್ ಕಟ್ಟಿಕೊಂಡು ಹಾಕುವವರಾದರೆ ಮೃಗಶಿರಾ ಮಳೆಗೆ ಮುಂಚೆಯೇ ಮುಗಿಸಿಕೊಳ್ಳಿ.

ವಿಮೆ ಬಗ್ಗೆ ಎರಡು ಮಾತು. ಫುಲ್ ಇನ್ಶೂರೆನ್ಸ್ ಇದ್ದರೆ ಗಾಜಿನ ಭಾಗಕ್ಕೆ ಸವಕಳಿ ಕಡಿತ, ಅಂದರೆ ಹಳೆಯದಾಯಿತು ಅಂತ ದುಡ್ಡು ಮುರಿದುಕೊಳ್ಳುವುದು, ಇಲ್ಲ. ಆದರೆ ಅದು ಕಲ್ಲು ಬಿದ್ದು ಒಡೆದಂಥ ಅಪಘಾತಕ್ಕೆ. ಸವೆದು ಮಬ್ಬಾದದ್ದಕ್ಕೆ ಕೊಡುವುದಿಲ್ಲ. ಒಡೆದಾಗಲೂ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ವಿಮೆ ಕಂತಿನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ, ಸಣ್ಣ ಕಾರಿಗೆ ಮೊದಲ 1000 ರೂಪಾಯಿ ನಿಮ್ಮದೇ. ಹಳೇ ಸಣ್ಣ ಕಾರಿಗೆ ಲೆಕ್ಕ ಹಾಕಿದರೆ ಕೈಯಿಂದ ಕೊಡುವುದೇ ಎಷ್ಟೋ ಸಲ ಲಾಭ. ಹಳೇ ಗಾಜಿನಿಂದ ಫಾಸ್ಟ್ಯಾಗ್ ಕಿತ್ತರೆ ಅದು ಕೆಲಸ ಮಾಡುವುದಿಲ್ಲ, ಹೊಸದಕ್ಕೆ ಮೊದಲೇ ಅರ್ಜಿ ಹಾಕಿಡಿ.

ಹೊಸ ಗಾಜಿನ ಜೊತೆ ಹೊಸ ವೈಪರ್ ರಬ್ಬರ್ ಹಾಕಿಸಲೇಬೇಕು. ಹಳೇ ರಬ್ಬರಿನಲ್ಲಿ ಹಳೇ ಮರಳು ಹಾಗೇ ಇರುತ್ತದೆ. ಆಮೇಲೆ ಪ್ರತಿ ವರ್ಷ ಮೇ ಕೊನೆಗೆ ಬದಲಿಸಿ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ರಬ್ಬರಿನ ಅಂಚನ್ನು ಒರೆಸಿ. ವಾಷರ್ ಡಬ್ಬಿಗೆ ಬೋರ್ ನೀರು ಬೇಡ, ಹಂಚಿನಿಂದ ಇಳಿದ ಮಳೆ ನೀರನ್ನೇ ಸೋಸಿ ಎರಡು ಕ್ಯಾನ್ ಹಿಡಿದಿಟ್ಟುಕೊಳ್ಳಿ. ಧೂಳಿನ ಮೇಲೆ ಹನಿ ಬಿದ್ದಾಗ ಮೊದಲು ವಾಷರ್ ಒತ್ತಿ, ಗಾಜು ಪೂರ್ತಿ ನೆನೆದ ಮೇಲೆ ವೈಪರ್.

ಗಾಜು ಹಾಕಿದ ದಿನ ಗಾಡಿಯನ್ನು ಅಲ್ಲೇ ಬಿಟ್ಟು ಬನ್ನಿ. ಎಷ್ಟು ಹೊತ್ತಿಗೆ ಓಡಿಸಬಹುದು ಅಂತ ಅಂಟಿನ ಟ್ಯೂಬ್ ಮೇಲೆ ಬರೆದಿರುತ್ತದೆ, ನಾನಂತೂ ಒಂದು ರಾತ್ರಿ ಇಟ್ಟುಕೊಂಡೇ ಕೊಡುತ್ತೇನೆ. ಮನೆಗೆ ತಂದ ಮೇಲೂ ಒಂದೆರಡು ದಿನ ಕಿಟಕಿ ಗಾಜನ್ನು ಬೆರಳಷ್ಟು ಇಳಿಸಿಡಿ, ಬಾಗಿಲನ್ನು ದಬ್ಬನೆ ಹಾಕಬೇಡಿ. ಮುಚ್ಚಿದ ಕಾರಿನಲ್ಲಿ ಬಾಗಿಲು ಬಡಿದರೆ ಒಳಗಿನ ಗಾಳಿ ಹಸಿ ಅಂಟನ್ನು ಹೊರಕ್ಕೆ ತಳ್ಳುತ್ತದೆ. ಒಂದು ವಾರ ಪ್ರೆಶರ್ ವಾಶ್ ಬೇಡ. ಅಮ್ಮನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗುವ ದಿನ ಗೊತ್ತಿದ್ದರೆ ಅದಕ್ಕೆ ಮೂರು ದಿನ ಮುಂಚೆ ಹಾಕಿಸಿ. ಹಿಂದಿನ ರಾತ್ರಿ ಅಂಗಳದಲ್ಲಿ ಇನ್ನೊಮ್ಮೆ ಟಾರ್ಚ್ ಬಿಡಿಸಿ ನೋಡಿಕೊಂಡು ಹೊರಡಿ.